ಸ್ಟೇರಿಂಗಿನ ಏರ್‌ಬ್ಯಾಗ್ ಬದಲಿಸುವಾಗ: ಸ್ಪ್ಯಾನರಿಗಿಂತ ಮೊದಲು ಗಡಿಯಾರ

ನಮಸ್ಕಾರ. ಈಗ ನೀವು ನೋಡ್ತಾ ಇರುವುದು ಕಾಸರಗೋಡಿನ ಕುಂಬಳೆಯ ಒಂದು ಮನೆಯಂಗಳ, ಕೆಎಲ್ 14 ನಂಬರಿನ ಕಾರು. ಇದರ ಏರ್‌ಬ್ಯಾಗ್ ಲೈಟ್ ಆರುವುದೇ ಇಲ್ಲ. ಸ್ಕ್ಯಾನರ್ ಹಾಕಿದ್ರೆ ಡ್ರೈವರ್ ಏರ್‌ಬ್ಯಾಗ್ ಸರ್ಕ್ಯೂಟಿನಲ್ಲಿ ದೋಷ ಅಂತ ಬರ್ತದೆ. ಬ್ಯಾಗ್ ಕಳಚಿ ಆ ಜಾಗಕ್ಕೆ, ಬ್ಯಾಗಿನಷ್ಟೇ ರೆಸಿಸ್ಟೆನ್ಸ್ ಇರುವ 2 ಓಮಿನ ಡಮ್ಮಿ ರೆಸಿಸ್ಟರ್ ಕೊಟ್ಟು ನೋಡಿದ್ರೆ ದೋಷ ಇಲ್ಲ. ಅಂದ್ರೆ ವಯರಿಂಗ್, ಕ್ಲಾಕ್ ಸ್ಪ್ರಿಂಗ್ (ತಿರುಗುವ ಸ್ಟೇರಿಂಗಿಗೆ ಕರೆಂಟ್ ಮುಟ್ಟಿಸುವ ಸುರುಳಿ), ಕಂಟ್ರೋಲ್ ಯೂನಿಟ್ ಮೂರೂ ಸರಿ ಉಂಟು, ಹಾಳಾದದ್ದು ಬ್ಯಾಗೇ. ಈ 2 ಓಮಿನ ರೆಸಿಸ್ಟರನ್ನು ಸ್ವಲ್ಪ ನೆನಪಿನಲ್ಲಿಡಿ, ಇದರದ್ದು ಇನ್ನೊಂದು ಕಥೆಯೂ ಉಂಟು.

ಬೇಕಾಗುವ ಸಾಮಾನು ಜಾಸ್ತಿ ಏನಿಲ್ಲ. ಬ್ಯಾಟರಿಗೆ 10 ಮಿಲಿಮೀಟರ್ ಸ್ಪ್ಯಾನರ್, ಬೋಲ್ಟಿಗೆ ನಕ್ಷತ್ರದ ಆಕಾರದ ಟಾರ್ಕ್ಸ್ ಟಿ30 ಬಿಟ್, ತುದಿಗೆ ಟೇಪ್ ಸುತ್ತಿದ ಸಣ್ಣ ಚಪ್ಪಟೆ ಸ್ಕ್ರೂಡ್ರೈವರ್, ಇನ್ಸುಲೇಶನ್ ಟೇಪ್, ಕಣ್ಣಿಗೆ ಕನ್ನಡಕ. ಕೆಲವು ಗಾಡಿಗಳಲ್ಲಿ ಟಾರ್ಕ್ಸ್ ಬೋಲ್ಟಿನ ನಡುವೆ ಸಣ್ಣ ಮೊಳೆಯ ಹಾಗೆ ಒಂದು ಪಿನ್ ಇರ್ತದೆ, ಅದಕ್ಕೆ ನಡುವೆ ತೂತಿರುವ ಬಿಟ್ಟೇ ಬೇಕು. ಮಲ್ಟಿಮೀಟರ್ ಮತ್ತು ಟೆಸ್ಟ್ ಲ್ಯಾಂಪ್ ಮಾತ್ರ ಬ್ಯಾಗಿನ ಹತ್ತಿರ ತರುವುದೇ ಬೇಡ.

ಯಾಕೆ ಅಂದ್ರೆ, ಹಾರ್ನ್ ಒತ್ತುವ ಆ ಮುಚ್ಚಳದ ಹಿಂದೆ ಇರುವುದು ಬರೀ ಮಡಚಿದ ಬಟ್ಟೆ ಅಲ್ಲ. ಒಂದು ಲೋಹದ ಡಬ್ಬಿ (ಇನ್‌ಫ್ಲೇಟರ್), ಅದರಲ್ಲಿ ಉರಿದು ಗ್ಯಾಸ್ ಕೊಡುವ ಮದ್ದು, ಆ ಮದ್ದಿಗೆ ಕಿಡಿ ಕೊಡುವ ಸ್ಕ್ವಿಬ್. ಸ್ಕ್ವಿಬ್ ಅಂದ್ರೆ ಸುಮಾರು 2 ಓಮ್ ರೆಸಿಸ್ಟೆನ್ಸಿನ ಕೂದಲೆಳೆಯ ಹಾಗಿನ ತಂತಿ. ಒಂದು ಚಿಲ್ಲರೆ ಆಂಪಿಯರ್ ಕರೆಂಟ್ ಎರಡು ಮಿಲಿಸೆಕೆಂಡ್ ಹರಿದ್ರೆ ಸಾಕು, ಹೊತ್ತಿಕೊಳ್ತದೆ. ಅಲ್ಲಿಂದ ಸುಮಾರು 30 ಮಿಲಿಸೆಕೆಂಡಿನಲ್ಲಿ ಬ್ಯಾಗ್ ಪೂರ್ತಿ ಉಬ್ಬಿ ಆಯ್ತು. ಆ ಹೊತ್ತಿಗೆ ನಿಮ್ಮ ಮುಖ ಅದರ ಮೇಲೆ ಬಗ್ಗಿದ್ರೆ ಹಿಂದೆ ಸರಿಯಲಿಕ್ಕೆ ಸಮಯವೇ ಇಲ್ಲ. ಹಾಗಾಗಿ ಈ ಕೆಲಸದ ನಿಯಮ ಎಲ್ಲ ಒಂದೇ ಕಡೆಗೆ ಹೋಗ್ತದೆ: ಆ ಎರಡು ಪಿನ್ನಿಗೆ ಯಾವ ದಾರಿಯಲ್ಲೂ ಕರೆಂಟ್ ಮುಟ್ಟಬಾರದು. ಮೀಟರಿನಲ್ಲಿ ಓಮ್ ನೋಡುವಾಗ ಮೀಟರ್ ತಾನೇ ಸ್ವಲ್ಪ ಕರೆಂಟ್ ಕಳಿಸ್ತದೆ. ಅದು ಎಷ್ಟು ಅಂತ ಪರೀಕ್ಷೆ ಮಾಡುವ ಜಾಗ ಇದಲ್ಲ.

ಈಗ ಸ್ಟೇರಿಂಗ್ ನೇರ ಇಟ್ಟು, ಮುಂದಿನ ಚಕ್ರಗಳು ನೇರ ಉಂಟಾ ನೋಡಿ, ಕೀ ತೆಗೀರಿ. ಬಟನ್ ಸ್ಟಾರ್ಟ್ ಗಾಡಿ ಆದ್ರೆ ಕೀಯನ್ನು ಮನೆಯೊಳಗೆ ಇಟ್ಟು ಬನ್ನಿ. ಬ್ಯಾಟರಿ ಡಿಕ್ಕಿಯಲ್ಲಿರುವ ಗಾಡಿಯಲ್ಲಿ ಡಿಕ್ಕಿ ತೆರೆದೇ ಇರಲಿ, ಮತ್ತೆ ತೆರೆಯುವ ಸ್ವಿಚ್ಚಿಗೆ ಕರೆಂಟ್ ಇರುವುದಿಲ್ಲ. ಮೊದಲು ನೆಗೆಟಿವ್ ಕಳಚಬೇಕು. ಪಾಸಿಟಿವಿಗೆ ಮೊದಲು ಕೈ ಹಾಕಿದ್ರೆ, ಸ್ಪ್ಯಾನರ್ ಬಾಡಿಗೆ ತಾಗಿದ ಕೂಡಲೇ ಶಾರ್ಟ್. ಕಳಚಿದ ಟರ್ಮಿನಲಿಗೆ ಟೇಪ್ ಸುತ್ತಿ ಬದಿಗೆ ಬಗ್ಗಿಸಿ ಇಡಿ, ತಾನಾಗಿ ಹಿಂದೆ ಬಂದು ಮುಟ್ಟಬಾರದು.

ಇನ್ನು ಕಾಯಬೇಕು. ಅಪಘಾತದಲ್ಲಿ ಬ್ಯಾಟರಿಯ ವಯರ್ ತುಂಡಾದ್ರೂ ಬ್ಯಾಗ್ ಬಿಡಿಸಬೇಕಲ್ಲ, ಅದಕ್ಕಾಗಿ ಕಂಟ್ರೋಲ್ ಯೂನಿಟಿನೊಳಗೆ ಕೆಪಾಸಿಟರ್ ಕರೆಂಟ್ ಹಿಡಿದಿಟ್ಟುಕೊಂಡಿರ್ತದೆ. ಬ್ಯಾಟರಿ ಕಳಚಿದ್ರೂ ಅದು ಖಾಲಿ ಆಗ್ಲಿಕ್ಕೆ ಸಮಯ ಬೇಕು. ಟೊಯೊಟಾದ ಸರ್ವಿಸ್ ಪುಸ್ತಕ 90 ಸೆಕೆಂಡ್ ಹೇಳ್ತದೆ, ಹೋಂಡಾದ್ದು 3 ನಿಮಿಷ. ನಿಮ್ಮ ಗಾಡಿಯ ಪುಸ್ತಕದಲ್ಲಿ ಎಷ್ಟಿದ್ರೂ 10 ನಿಮಿಷ ಬಿಡಿ. ಗ್ಯಾರೇಜಿನಲ್ಲಿ ಗಿರಾಕಿ ಬಾಗಿಲಲ್ಲಿ ನಿಂತಿರುವಾಗ ಎಲ್ಲರೂ ಹಾರಿಸುವ ಹಂತ ಇದೇ.

ಹತ್ತು ನಿಮಿಷ ಆಯ್ತು. ಬ್ಯಾಗಿಗೆ ಕೈ ಹಾಕುವ ಮೊದಲು ಗಾಡಿಯ ಬಣ್ಣ ಇಲ್ಲದ ಲೋಹವನ್ನು, ಬಾಗಿಲಿನ ಲಾಕಿನ ಕೊಂಡಿಯನ್ನೋ ಮತ್ತೊಂದನ್ನೋ, ಒಂದು ಸಲ ಮುಟ್ಟಿ. ಮೈಯಲ್ಲಿರುವ ಸ್ಟ್ಯಾಟಿಕ್ ಹೋಗ್ತದೆ. ನಮ್ಮ ಕರಾವಳಿಯ ತೇವದಲ್ಲಿ ಅದು ಕಡಿಮೆ, ಆದ್ರೂ ಜನವರಿಯ ಬೆಳಿಗ್ಗೆ ಪಾಲಿಸ್ಟರ್ ಅಂಗಿ ಹಾಕಿಕೊಂಡವರಿಗೆ ಇದು ಬೇಕೇ ಬೇಕು.

ಈ ಗಾಡಿಯಲ್ಲಿ ಬ್ಯಾಗನ್ನು ಹಿಡಿದಿರುವುದು ಎರಡು ಬೋಲ್ಟ್, ಸ್ಟೇರಿಂಗಿನ ಹಿಂದೆ ಎಡಕ್ಕೊಂದು ಬಲಕ್ಕೊಂದು, ಸಣ್ಣ ಮುಚ್ಚಳದೊಳಗೆ. ಸಡಿಲಿಸ್ತಾ ಹೋಗಿ. ಇವು ಪೂರ್ತಿ ಹೊರಗೆ ಬರುವ ಬೋಲ್ಟ್ ಅಲ್ಲ, ಕೊನೆಗೆ ತಮ್ಮ ಗೂಡಿಗೇ ಸಿಕ್ಕಿಕೊಂಡು ನಿಲ್ತವೆ. ಇನ್ನೂ ಬರಲಿಲ್ಲ ಅಂತ ಇಕ್ಕಳ ಹಾಕಿ ಎಳೆದ್ರೆ ಗೂಡು ಮುರೀತದೆ. ಹೊಸ ಗಾಡಿಗಳಲ್ಲಿ ಹೆಚ್ಚಾಗಿ ಬೋಲ್ಟೇ ಇಲ್ಲ, ಸ್ಪ್ರಿಂಗ್ ಕ್ಲಿಪ್. ಹಿಂದಿನ ಅಥವಾ ಬದಿಯ ತೂತಿನಲ್ಲಿ ಸ್ಕ್ರೂಡ್ರೈವರ್ ಹಾಕಿ ತಂತಿಯನ್ನು ಒತ್ತಿದ್ರೆ ಒಂದೊಂದಾಗಿ ಬಿಡ್ತವೆ. ಕೆಲವದರಲ್ಲಿ ತೂತು ಸಿಗ್ಲಿಕ್ಕೆ ಸ್ಟೇರಿಂಗನ್ನು ಕಾಲು ಸುತ್ತು ತಿರುಗಿಸಬೇಕಾಗ್ತದೆ. ಅಂಥ ಗಾಡಿಯಲ್ಲಿ ಬ್ಯಾಟರಿ ತೆಗೆಯುವ ಮೊದಲೇ ಸ್ಟೇರಿಂಗ್ ಲಾಕ್ ಬಿಡಿಸಿಟ್ಟುಕೊಳ್ಳಿ.

ಬ್ಯಾಗನ್ನು ನಿಧಾನ ಎತ್ತಿ, ಆದ್ರೆ ಎಳೀಬೇಡಿ, ಹಿಂದೆ ವಯರ್ ಉಂಟು. ಹಳದಿ ಕನೆಕ್ಟರಿನ ನಡುವಿನ ಲಾಕನ್ನು ಸ್ಕ್ರೂಡ್ರೈವರಿನ ತುದಿಯಿಂದ ಮೇಲಕ್ಕೆ ಎಬ್ಬಿಸಿದ ಮೇಲೆಯೇ ಕನೆಕ್ಟರ್ ಬಿಡ್ತದೆ. ವಯರ್ ಹಿಡಿದು ಎಳೆದವರು ಪಿನ್ ಹಾಳು ಮಾಡಿಕೊಳ್ತಾರೆ. ಎರಡು ಹಂತದಲ್ಲಿ ಉಬ್ಬುವ ಬ್ಯಾಗ್ ಆದ್ರೆ ಎರಡು ಕನೆಕ್ಟರ್, ಯಾವುದು ಎಲ್ಲಿಗೆ ಅಂತ ಫೋನಿನಲ್ಲಿ ಫೋಟೋ ತೆಗೀರಿ. ಹಾರ್ನಿನ ವಯರ್ ಬೇರೆ ಇರ್ತದೆ. ಬ್ಯಾಗಿನ ಕನೆಕ್ಟರ್ ಕಳಚಿದ ಕೂಡಲೇ ಒಳಗಿನ ಒಂದು ಸಣ್ಣ ಲೋಹದ ಪಟ್ಟಿ ಎರಡೂ ಪಿನ್ನನ್ನು ಸೇರಿಸಿಬಿಡ್ತದೆ, ಅಕಸ್ಮಾತ್ ಸಿಡಿಯದ ಹಾಗೆ. ಆ ಜಾಗಕ್ಕೆ ಕಡ್ಡಿ, ಪಿನ್ ತುರುಕಿ ನೋಡುವುದು ಬೇಡ.

ಹಿಡಿದುಕೊಂಡು ಹೋಗುವಾಗ ಮುಚ್ಚಳದ ಮುಖ ನಿಮ್ಮ ಮೈಯಿಂದ ಆಚೆಗಿರಲಿ. ಇಡುವಾಗ ಮುಚ್ಚಳ ಮೇಲಕ್ಕೆ, ಅದರ ಮೇಲೆ ಏನೂ ಇಡಬಾರದು. ಕವುಚಿ ಇಟ್ಟ ಬ್ಯಾಗ್ ಸಿಡಿದ್ರೆ ಆ ಲೋಹದ ಡಬ್ಬಿಯೇ ರಾಕೆಟಿನ ಹಾಗೆ ಮೇಲೆ ಹಾರ್ತದೆ.

ಬ್ಯಾಗ್ ತೆಗೆದಾಗ ಹಿಂದೆ ಕಾಣುವ ಉರುಟು ಪ್ಲಾಸ್ಟಿಕ್ಕೇ ಕ್ಲಾಕ್ ಸ್ಪ್ರಿಂಗ್. ತಿರುಗುವ ಸ್ಟೇರಿಂಗಿಗೆ ಕರೆಂಟ್ ಮುಟ್ಟಿಸುವ ಸುರುಳಿ ರಿಬ್ಬನ್ ಅದರೊಳಗೆ ಉಂಟು. ಏರ್‌ಬ್ಯಾಗ್ ಲೈಟಿನ ಜೊತೆಗೆ ಹಾರ್ನೂ ಬರುವುದಿಲ್ಲ, ಸ್ಟೇರಿಂಗಿನ ಬಟನ್ನೂ ಕೆಲಸ ಮಾಡುವುದಿಲ್ಲ ಅಂತಾದ್ರೆ ಬ್ಯಾಗಿಗೆ ದುಡ್ಡು ಹಾಕಬೇಡಿ, ಮೊದಲು ಇದನ್ನು ನೋಡಿ. ಹೊಸ ಕ್ಲಾಕ್ ಸ್ಪ್ರಿಂಗ್ ನಡುಸ್ಥಿತಿಯಲ್ಲಿ ಲಾಕ್ ಆಗಿ ಬರ್ತದೆ, ಕೂರಿಸಿ ಆಗುವವರೆಗೆ ಆ ಲಾಕ್ ತೆಗೀಬಾರದು. ನಡುಸ್ಥಿತಿ ತಪ್ಪಿದ್ರೆ, ಒಂದು ಕಡೆಗೆ ಪೂರ್ತಿ ಕಟ್ ಹೊಡೆದ ದಿನ ರಿಬ್ಬನ್ ತುಂಡು. ನಮ್ಮಲ್ಲಿ ಇನ್ನೊಂದು ಉಂಟು: ಮಳೆಗಾಲದಲ್ಲಿ ಒದ್ದೆ ಮ್ಯಾಟಿನಿಂದಾಗಿ ಸೀಟಿನಡಿಯ ಹಳದಿ ಕನೆಕ್ಟರಿಗೆ ಕಿಲುಬು ಹಿಡಿದು ಇದೇ ಲೈಟ್ ಉರೀತದೆ. ಅದಕ್ಕೂ ಸ್ಟೇರಿಂಗಿಗೂ ಸಂಬಂಧ ಇಲ್ಲ. ಕಡಿಮೆ ಬೆಲೆಯ ಬ್ಲೂಟೂತ್ ಸ್ಕ್ಯಾನರ್ ಹೆಚ್ಚಾಗಿ ಎಂಜಿನ್ ಕೋಡ್ ಮಾತ್ರ ಓದ್ತದೆ, ಏರ್‌ಬ್ಯಾಗ್ ಕೋಡ್ ಓದುವ ಸ್ಕ್ಯಾನರ್ ಇಲ್ಲದೆ ಊಹೆಯಲ್ಲಿ ಪಾರ್ಟ್ ತರಬೇಡಿ.

ಇನ್ನು ಹೊಸ ಬ್ಯಾಗ್. ಹಳೆಯದರ ಸ್ಟಿಕರಿನಲ್ಲಿರುವ ಪಾರ್ಟ್ ನಂಬರ್ ಕೊನೆಯ ಅಕ್ಷರದವರೆಗೆ ಸರಿಹೊಂದಬೇಕು. ನೋಡ್ಲಿಕ್ಕೆ ಒಂದೇ ಹಾಗಿದ್ದು ಒಂದು ಹಂತದ್ದು, ಎರಡು ಹಂತದ್ದು ಅಂತ ಬೇರೆ ಇರ್ತವೆ, ಕನೆಕ್ಟರ್ ಕೂತಿತು ಅಂದ ಮಾತ್ರಕ್ಕೆ ಅದು ನಿಮ್ಮ ಗಾಡಿಯದ್ದಲ್ಲ. ಗುಜರಿ ಗಾಡಿಯಿಂದ ತೆಗೆದ ಬ್ಯಾಗ್ ಅಗ್ಗಕ್ಕೆ ಸಿಗ್ತದೆ ನಿಜ. ಆದ್ರೆ ಅದು ನೆರೆಯಲ್ಲಿ ಮುಳುಗಿದ ಗಾಡಿಯದ್ದಾ, ರೀಕಾಲ್ ಆದದ್ದಾ (ದೋಷ ಇದೆ ಅಂತ ಕಂಪನಿಯೇ ವಾಪಸ್ ಕರೆಸಿದ್ದಾ), ಸಿಡಿದ ಬ್ಯಾಗಿಗೆ ಹೊಸ ಮುಚ್ಚಳ ಅಂಟಿಸಿದ್ದಾ ಅಂತ ಹೊರಗಿನಿಂದ ಗೊತ್ತಾಗುವುದಿಲ್ಲ. ಕಂಪನಿಯ ಹೊಸ ಪಾರ್ಟ್ ಬಿಟ್ಟು ಬೇರೆ ಹಾಕುವುದಕ್ಕೆ ನಮ್ಮ ಒಪ್ಪಿಗೆ ಇಲ್ಲ.

ಏರ್‌ಬ್ಯಾಗ್ ಮಾಡ್ತಿದ್ದ ಜಪಾನಿನ ಟಕಾಟಾ ಕಂಪನಿಯ ವಿಷಯ ಇಲ್ಲಿಯವರಿಗೆ ಸ್ವಲ್ಪ ಜಾಸ್ತಿಯೇ ಸಂಬಂಧಪಟ್ಟದ್ದು. ಅವರ ಇನ್‌ಫ್ಲೇಟರಿನಲ್ಲಿ ಅಮೋನಿಯಂ ನೈಟ್ರೇಟ್ ಇತ್ತು. ಬಿಸಿ ಮತ್ತು ತೇವ ಎರಡೂ ಸೇರಿದ ಹವೆಯಲ್ಲಿ ವರ್ಷಗಟ್ಟಲೆ ಇದ್ದಾಗ ಆ ಮದ್ದು ಕೆಟ್ಟು, ಬೇಕಾದ್ದಕ್ಕಿಂತ ಜೋರಾಗಿ ಉರಿದು ಲೋಹದ ಡಬ್ಬಿಯೇ ಒಡೆದು ಚೂರುಗಳು ಹಾರಿದವು. ಭಾರತದಲ್ಲೂ ಹೋಂಡಾ ಸೇರಿ ಕೆಲವು ಕಂಪನಿಗಳು ಗಾಡಿ ವಾಪಸ್ ಕರೆಸಿ ಇನ್‌ಫ್ಲೇಟರ್ ಬದಲಿಸಿವೆ. ಟಕಾಟಾ 2017ರಲ್ಲಿ ದಿವಾಳಿ ಅರ್ಜಿ ಹಾಕಿತು. ಮಂಜೇಶ್ವರದಿಂದ ತೃಕ್ಕರಿಪುರದವರೆಗೆ ನಮ್ಮದು ಅದೇ ಬಿಸಿ, ಅದೇ ತೇವ. ಹಳೆಯ ಗಾಡಿ ಇದ್ದವರು ಚಾಸಿಸ್ ನಂಬರನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ ನೋಡಿ. ರೀಕಾಲಿನಲ್ಲಿ ಇದ್ರೆ ಬದಲಿಸುವುದಕ್ಕೆ ದುಡ್ಡು ಕೊಡ್ಲಿಕ್ಕಿಲ್ಲ.

ಅಪಘಾತದಲ್ಲಿ ಬ್ಯಾಗ್ ಸಿಡಿದ ಗಾಡಿಯಾದ್ರೆ ಬ್ಯಾಗ್ ಮಾತ್ರ ಬದಲಿಸಿದ್ರೆ ಸಾಲದು. ಅಪ್ಪಳಿಸಿದಾಗ ಸೀಟ್ ಬೆಲ್ಟನ್ನು ಬಿಗಿಯಾಗಿ ಎಳೆಯುವ ಪ್ರಿಟೆನ್ಶನರ್ ಕೂಡ ಹೆಚ್ಚಾಗಿ ಸಿಡಿದಿರ್ತದೆ, ಕಂಟ್ರೋಲ್ ಯೂನಿಟಿನಲ್ಲಿ ಕ್ರ್ಯಾಶ್ ದಾಖಲೆ ಕೂತಿರ್ತದೆ, ಮುಂದಿನ ಸೆನ್ಸರ್ ನೋಡಬೇಕು. ಇನ್ಶೂರೆನ್ಸಿನಲ್ಲಿ ಝೀರೋ ಡೆಪ್ (ಸವಕಳಿ ಕಳೆಯದ ಪಾಲಿಸಿ) ಇಲ್ಲದಿದ್ರೆ ಏರ್‌ಬ್ಯಾಗಿಗೆ 50 ಶೇಕಡ ಸವಕಳಿ ಕಳೀತಾರೆ, ಅರ್ಧ ಬೆಲೆ ನಿಮ್ಮ ಕಿಸೆಯಿಂದ. ಇಲ್ಲಿಯೇ ಆ 2 ಓಮಿನ ರೆಸಿಸ್ಟರ್ ಒಳಗೆ ಬರುವುದು. ಬ್ಯಾಗೇ ಹಾಕದೆ ರೆಸಿಸ್ಟರ್ ಜೋಡಿಸಿ ಮುಚ್ಚಳ ಅಂಟಿಸಿಬಿಟ್ರೆ ಕಂಟ್ರೋಲ್ ಯೂನಿಟಿಗೆ ಬ್ಯಾಗ್ ಉಂಟು ಅಂತಲೇ ಕಾಣ್ತದೆ, ಲೈಟೂ ಆರ್ತದೆ. ಪರೀಕ್ಷೆಗೆ ಐದು ನಿಮಿಷ ಇಡುವ ಸಾಮಾನನ್ನು ಖಾಯಂ ಬಿಡುವುದು ಅಂದ್ರೆ ಮೋಸವೇ. ಸೆಕೆಂಡ್ ಹ್ಯಾಂಡ್ ಗಾಡಿ ತೆಗೊಳ್ಳುವಾಗ ಮುಚ್ಚಳದ ಸುತ್ತಿನ ಸಂದು ಒಂದೇ ಸಮ ಉಂಟಾ, ಬಣ್ಣ, ರಚನೆ ಡ್ಯಾಶ್‌ಬೋರ್ಡಿಗೆ ಹೊಂದ್ತದಾ ನೋಡಿ. ಇಗ್ನಿಷನ್ ಆನ್ ಮಾಡಿದಾಗ ಏರ್‌ಬ್ಯಾಗ್ ಲೈಟ್ ಉರಿಯುವುದೇ ಇಲ್ಲ ಅಂದ್ರೆ ಖುಷಿಪಡಬೇಡಿ, ಅಲ್ಲಿ ಯಾರೋ ಲೈಟಿಗೇ ಕೈ ಹಾಕಿರಬಹುದು.

ಕೂರಿಸುವುದು ಬೇಗ ಆಗ್ತದೆ. ಕನೆಕ್ಟರ್ ಒತ್ತಿ, ಲಾಕನ್ನು ಸಮಕ್ಕೆ ಕೂರುವವರೆಗೆ ತಳ್ಳಿ. ಲಾಕ್ ಸ್ವಲ್ಪ ಮೇಲೆದ್ದಿದ್ರೂ ಲೈಟ್ ಉರೀತದೆ, ಕೆಲಸ ಮುಗಿದ ಮೇಲೆ ಬರುವ ದೂರು ಹೆಚ್ಚಾಗಿ ಇದೇ. ವಯರ್ ಬ್ಯಾಗಿನಡಿ ಸಿಕ್ಕಿ ಜಜ್ಜದ ಹಾಗೆ ತನ್ನ ದಾರಿಯಲ್ಲೇ ಕೂರಲಿ. ಟೊಯೊಟಾದಲ್ಲಿ ಈ ಬೋಲ್ಟಿಗೆ 8.8 ನ್ಯೂಟನ್ ಮೀಟರ್, ಬಿಗಿ ಅಂತ ಹೇಳುವಷ್ಟೂ ಇಲ್ಲ. ಕ್ಲಿಪ್ಪಿನದ್ದಾದ್ರೆ ಒಂದೊಂದೂ ಟಕ್ ಅನ್ನಬೇಕು, ಮೆತ್ತಗೆ ಎಳೆದು ನೋಡಿ.

ಬ್ಯಾಟರಿ ಜೋಡಿಸುವಾಗ ಗಾಡಿಯೊಳಗೆ ಯಾರೂ ಇರಬಾರದು. ಮೊದಲ ಸಲ ಇಗ್ನಿಷನ್ ಆನ್ ಮಾಡುವವರು ಹೊರಗೆ ನಿಂತು, ಮೈಯನ್ನು ಬ್ಯಾಗಿನ ಎದುರಿಗೆ ತರದೆ ಬದಿಯಿಂದ ಕೈ ಚಾಚಿ. ಲೈಟ್ ಉರಿದು ಕೆಲವು ಸೆಕೆಂಡಿನಲ್ಲಿ, ಟೊಯೊಟಾದಲ್ಲಿ ಸುಮಾರು 6, ಆರಬೇಕು. ಆರಲಿಲ್ಲವೋ, ನಡುವೆ ಯಾರೋ ಬ್ಯಾಗ್ ಇಲ್ಲದೆ ಇಗ್ನಿಷನ್ ಹಾಕಿ ಕೋಡ್ ಕೂರಿಸಿರಬಹುದು. ಸ್ಕ್ಯಾನರಿನಲ್ಲಿ ಅಳಿಸಿ ನೋಡಿ, ಮತ್ತೆ ಬಂದ್ರೆ ಪುನಃ ಬ್ಯಾಟರಿ ಕಳಚಿ ಹತ್ತು ನಿಮಿಷ. ಹಾರ್ನ್ ಒತ್ತಿ ನೋಡಿ. ಕಿಟಕಿಯ ಆಟೋ, ಗಡಿಯಾರ ಸರಿ ಮಾಡಿಕೊಳ್ಳಿ. ಸ್ಟೇರಿಂಗಿನ ನಡುವಿನಿಂದ ಎದೆಗೆ ಕನಿಷ್ಠ 25 ಸೆಂಟಿಮೀಟರ್ ಇರುವ ಹಾಗೆ ಸೀಟು ಇಡಿ, ಮುಚ್ಚಳದ ಮೇಲೆ ಸ್ಟಿಕರ್, ದೇವರ ಲೋಹದ ಬಿಲ್ಲೆ ಅಂಟಿಸುವುದು ಬೇಡ, ಬ್ಯಾಗ್ ಬಿಟ್ಟಾಗ ಅದು ಮುಖಕ್ಕೇ ಬರುವುದು.

ಕೊನೆಗೆ ಈ ಹಳೆಯ ಬ್ಯಾಗ್. ಸಿಡಿದು ಖಾಲಿಯಾದದ್ದು ಗುಜರಿಗೆ ಹೋಗಬಹುದು, ಮುಟ್ಟುವಾಗ ಗ್ಲೌಸ್ ಇರಲಿ, ಆ ಹುಡಿ ಚರ್ಮಕ್ಕೆ ಉರಿ. ಸಿಡಿಯದ್ದು ಗುಜರಿಗೆ ಕೊಡಬಾರದು, ಒಡೆಯಬಾರದು, ಬೆಂಕಿಗೆ ಹಾಕಬಾರದು. ಅಂತರರಾಷ್ಟ್ರೀಯ ಸಾಗಾಟ ನಿಯಮದಲ್ಲಿ ಇದು ಯುಎನ್ 3268, 9ನೇ ವರ್ಗದ ಅಪಾಯಕಾರಿ ಸರಕು, ಹಾಗಾಗಿ ತಲಪಾಡಿ ಗಡಿ ದಾಟುವ ಬಸ್ಸಿನ ಡಿಕ್ಕಿಯಲ್ಲಿ ಸುಮ್ಮನೆ ಪಾರ್ಸೆಲ್ ಕಳಿಸುವ ಸಾಮಾನೂ ಅಲ್ಲ. ಹೊಸ ಬ್ಯಾಗ್ ಬಂದ ಪೆಟ್ಟಿಗೆಯಲ್ಲೇ ಇಟ್ಟು, ಕಂಪನಿಯ ಸರ್ವಿಸ್ ಸೆಂಟರಿಗೆ ಫೋನ್ ಮಾಡಿ, ತಗೊಳ್ತಾರಾ ಅಂತ ಕೇಳಿ ಕೊಟ್ಟು ಬನ್ನಿ. ಅಲ್ಲಿಯವರೆಗೆ ಮಕ್ಕಳ ಕೈಗೆ ಸಿಗದ, ಬಿಸಿಲು ಬೀಳದ ಜಾಗದಲ್ಲಿ, ಮುಚ್ಚಳ ಮೇಲಕ್ಕೆ.