ಗೆರೆ ದಾಟದ ಬಣ್ಣ

ಕೇಳುಗರೇ, ನಮಸ್ಕಾರ.

ಕಾರ್ಟೂನ್ ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್ ಓಡುತ್ತವೆ. ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮಿಗೆ ಬಳಸಿದರೂ ಸೆಕೆಂಡಿಗೆ 12 ಚಿತ್ರ ಬೇಕು. ಅಷ್ಟಕ್ಕೂ ಬಣ್ಣ ತುಂಬಬೇಕಲ್ವಾ?

ಡಿಸ್ನಿ ಸ್ಟುಡಿಯೋದಲ್ಲಿ ಇದಕ್ಕೆಂದೇ ಇಂಕ್ ಅಂಡ್ ಪೇಂಟ್ ಎಂಬ ವಿಭಾಗವಿತ್ತು. ಅಲ್ಲಿ ದುಡಿದವರಲ್ಲಿ ಹೆಣ್ಣುಮಕ್ಕಳೇ ಜಾಸ್ತಿ. ಬೆರಳಿನ ಗುರುತು ಬೀಳದಂತೆ ಗ್ಲೌಸ್ ಹಾಕಿಕೊಂಡು, ಸೆಲ್ ಎಂಬ ಪಾರದರ್ಶಕ ಹಾಳೆಯ ಮುಂಬದಿಗೆ ಗೆರೆ ಎಳೆಯುತ್ತಿದ್ದರು, ಹಿಂಬದಿಗೆ ಬಣ್ಣ ಹಚ್ಚುತ್ತಿದ್ದರು. ಆ ಹಾಳೆ ಪೂರ್ತಿ ತಿಳಿಯಾಗಿರುತ್ತಿರಲಿಲ್ಲ. ಒಂದರ ಮೇಲೊಂದು ಇಟ್ಟಾಗ ಅಡಿಯ ಬಣ್ಣ ಕೊಂಚ ಮಂಕಾಗುತ್ತಿತ್ತು. ಹಾಗಾಗಿ ಒಂದೇ ಅಂಗಿಯ ಕೆಂಪನ್ನು, ಹಾಳೆ ಎಷ್ಟನೇ ಪದರದಲ್ಲಿದೆ ಎಂದು ನೋಡಿ, ಬೇರೆ ಬೇರೆಯಾಗಿ ಕಲಸಬೇಕಿತ್ತು. ಎಂಥ ಕಣ್ಣು ಬೇಕು ನೋಡಿ ಅದಕ್ಕೆ!

ಆಮೇಲೆ ಡಿಸ್ನಿ ಮತ್ತು ಪಿಕ್ಸಾರ್ ಸೇರಿ ಕ್ಯಾಪ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆ ಕಟ್ಟಿದವು. 1990ರಲ್ಲಿ ಬಂದ 'ದಿ ರೆಸ್ಕ್ಯೂವರ್ಸ್ ಡೌನ್ ಅಂಡರ್' ಸಿನಿಮಾಕ್ಕೆ ಪೂರ್ತಿಯಾಗಿ ಅದರಲ್ಲೇ ಬಣ್ಣ ತುಂಬಿದರು. ಪೆನ್ಸಿಲ್ ಚಿತ್ರವನ್ನು ಸ್ಕ್ಯಾನ್ ಮಾಡಿ, ಗೆರೆಯೊಳಗೆ ಒಂದು ಕ್ಲಿಕ್. ಒಣಗಲು ಕಾಯಬೇಕಿಲ್ಲ. ಎಷ್ಟು ಪದರ ಇಟ್ಟರೂ ಕೆಂಪು ಕೆಂಪಾಗಿಯೇ ಉಳಿಯುತ್ತದೆ.

ತೊಂದರೆ ಇರುವುದು ಗೆರೆಯಲ್ಲೇ. ಕಂಪ್ಯೂಟರ್ ಪಕ್ಕದ ಚುಕ್ಕಿ, ಅದರ ಪಕ್ಕದ ಚುಕ್ಕಿ ಎಂದು ಗೆರೆ ಸಿಗುವವರೆಗೂ ಬಣ್ಣ ತುಂಬುತ್ತಾ ಹೋಗುತ್ತದೆ. ಮೊಣಕೈ ಹತ್ತಿರ ಪೆನ್ಸಿಲ್ ಗೆರೆ ಕೂದಲೆಳೆಯಷ್ಟು ತಪ್ಪಿದ್ದರೂ ಸಾಕು, ಬದು ಒಡೆದ ಗದ್ದೆಯ ನೀರಿನಂತೆ ಮೈಬಣ್ಣ ಹಿಂದಿನ ಆಕಾಶಕ್ಕೆಲ್ಲ ನುಗ್ಗುತ್ತದೆ. ಹಾಗಂತ ಎಲ್ಲ ಗೆರೆಗಳನ್ನೂ ಮುಚ್ಚಿ ಬರೆಯಿರಿ ಎಂದು ಕಲಾವಿದರಿಗೆ ಹೇಳುವುದು ನನಗೆ ಸರಿ ಕಾಣುವುದಿಲ್ಲ. ಅಲ್ಲಲ್ಲಿ ಬಿಟ್ಟು ಎಳೆದ ಗೆರೆಗೇ ಒಂದು ಜೀವ ಇರುತ್ತದೆ. 2009ರಲ್ಲಿ ಡೇನಿಯಲ್ ಸಿಕೋರಾ ಮತ್ತು ಸಂಗಡಿಗರು ಮುಂದಿಟ್ಟ ಲೇಜಿಬ್ರಶ್ ವಿಧಾನ ಅದಕ್ಕೇ ನನಗೆ ಇಷ್ಟ. ಅಂಗಿಯೊಳಗೆ ಒರಟಾಗಿ ಒಂದು ಕೆಂಪು ಗೀಟು, ಹೊರಗೆ ಇನ್ನೊಂದು ಬಣ್ಣದ ಗೀಟು ಎಳೆದರಾಯಿತು. ಗೆರೆ ತುಂಡಾಗಿದ್ದರೂ ಎರಡು ಬಣ್ಣ ಎಲ್ಲಿ ಬೇರೆಯಾಗಬೇಕು ಎಂಬುದನ್ನು ಅದೇ ಲೆಕ್ಕ ಹಾಕುತ್ತದೆ.

ಈಗಿನ ಸಾಫ್ಟ್‌ವೇರ್‌ಗಳು ಒಂದು ಫ್ರೇಮಿನ ಬಣ್ಣವನ್ನು ಮುಂದಿನದಕ್ಕೆ ತಾವೇ ಸಾಗಿಸಲೂ ನೋಡುತ್ತವೆ. ಆದರೆ ಬೆನ್ನ ಹಿಂದೆ ಹೋದ ಕೈ ಮತ್ತೆ ಹೊರಬಂದಾಗ, ಅದು ಬಳೆ ತೊಟ್ಟ ಎಡಗೈಯೋ, ಬರಿದಾದ ಬಲಗೈಯೋ ಎಂದು ತಡವರಿಸುತ್ತವೆ. ಅಂಥ ಫ್ರೇಮ್‌ಗಳನ್ನು ಒಂದೊಂದಾಗಿ ನೋಡಿ ತಿದ್ದುವವರು ಇವತ್ತಿಗೂ ಇದ್ದಾರೆ. ಸಿನಿಮಾದ ಕೊನೆಯಲ್ಲಿ ಅವರ ಹೆಸರೂ ಬರುತ್ತದೆ. ಟಿವಿ ಆರಿಸುವ ಮುಂಚೆ ಒಮ್ಮೆ ಓದಿ.

ನಮಸ್ಕಾರ.