ಕೆನೆಬಿಳಿಯೋ, ಬೂದುಬಿಳಿಯೋ?

ಕೇಳುಗರಿಗೆ ನಮಸ್ಕಾರ. ಕಾವೇರಿ ಸಂಕ್ರಮಣ ಕಳೆದು ಮಳೆ ಹಿಂದೆಗೆದ ಮೇಲೆ, ಸುಗ್ಗಿಯ ಹಬ್ಬ ಹುತ್ತರಿ ಬರುವುದರೊಳಗೆ ಕೋಣೆಗೆ ಬಣ್ಣ ಹೊಡೆಸುವವರು ಕೊಡಗಿನಲ್ಲಿ ಬಹಳ. ಶೇಡ್ ಕಾರ್ಡ್ ತಿರುವಿ ತಿರುವಿ ಕೊನೆಗೆ ಉಳಿಯುವುದು ಸಾಮಾನ್ಯವಾಗಿ ಎರಡೇ: ಕೆನೆಬಿಳಿ, ಇಲ್ಲವೇ ಬೂದು ಬೆರೆತ ಬಿಳಿ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ.

ಕಾರ್ಡಿನ ಪಕ್ಕ ಅಚ್ಚಬಿಳಿ ಕಾಗದ ಇಟ್ಟು ನೋಡಿ. ಆಗ ಒಳಗಿನ ಛಾಯೆ ಹೊರಬೀಳುತ್ತದೆ. ಕೆನೆಯಲ್ಲಿ ಹಳದಿಯೋ ಗುಲಾಬಿಯೋ, ಬೂದಿನಲ್ಲಿ ನೀಲಿಯೋ ಹಸಿರೋ. ಆಮೇಲೆ ಎರಡರದ್ದೂ ಸಣ್ಣ ಸ್ಯಾಂಪಲ್ ಡಬ್ಬಿ ತನ್ನಿ. ಹಳೇ ಗೋಡೆಯ ಮೇಲೆ ಬಳಿಯಬೇಡಿ, ಹಿಂದಿನ ಬಣ್ಣ ಕಣ್ಣಿಗೆ ಮೋಸ ಮಾಡುತ್ತದೆ. ಎರಡಡಿ ಅಗಲ, ಎರಡಡಿ ಉದ್ದದ ಎರಡು ರಟ್ಟಿಗೆ ಬಿಳಿ ಪ್ರೈಮರ್ ಒಂದು ಕೋಟ್, ಬಣ್ಣ ಎರಡು ಕೋಟ್. ಕೋಟುಗಳ ನಡುವೆ ನಾಲ್ಕು ಗಂಟೆಯಾದರೂ ಬೇಕು, ತೇವದ ಹವೆಯಲ್ಲಿ ಇನ್ನೂ ಹೆಚ್ಚು. ಅಂಚಿನಲ್ಲಿ ಎರಡಂಗುಲ ಬಿಳಿ ಬಿಡಿ. ಎಮಲ್ಷನ್, ಅಂದರೆ ನೀರಿನಲ್ಲಿ ಬೆರೆಯುವ ಗೋಡೆ ಬಣ್ಣ, ಒಣಗಿದಾಗ ಸಾಮಾನ್ಯವಾಗಿ ತುಸು ಗಾಢವಾಗುತ್ತದೆ. ಆದ್ದರಿಂದ ತೀರ್ಮಾನ ಮರುದಿನವೇ.

ಎರಡು ರಟ್ಟನ್ನೂ ಅಕ್ಕಪಕ್ಕ ಇಟ್ಟರೆ ವ್ಯತ್ಯಾಸ ಉತ್ಪ್ರೇಕ್ಷೆಯಾಗಿ ಕಾಣುತ್ತದೆ. ಬೇರೆ ಬೇರೆಯಾಗಿ, ಕಿಟಕಿಯೆದುರು ಗೋಡೆಯಲ್ಲಿ, ಕಿಟಕಿ ಇರುವ ಗೋಡೆಯಲ್ಲಿ, ಮೂಲೆಯಲ್ಲಿ ಒರಗಿಸಿ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ದೀಪದಲ್ಲಿ ನೋಡಿ. 6500 ಕೆಲ್ವಿನ್‌ನ ಬಿಳಿ ಎಲ್‌ಇಡಿ ಬಲ್ಬಿನಡಿ ಬೂದು ನೀಲಿಗೆ ತಿರುಗುತ್ತದೆ. 3000 ಕೆಲ್ವಿನ್‌ನ ಹಳದಿ ಬಲ್ಬಿನಡಿ ಕೆನೆ ಇನ್ನಷ್ಟು ಹಳದಿ. ಹಾಗಾಗಿ ಬಲ್ಬ್ ಯಾವುದೆಂದು ಮೊದಲೇ ಗೊತ್ತಿರಲಿ.

ನಮ್ಮ ಜಿಲ್ಲೆಯಲ್ಲಿ ಇನ್ನೆರಡು ಸಂಗತಿ ಇವೆ. ತೋಟದ ಮರಗಳ ಮೂಲಕ ಬರುವ ಬೆಳಕಿಗೆ ಹಸಿರು ಸೇರಿರುತ್ತದೆ, ಕೆಂಪು ಆಕ್ಸೈಡ್ ನೆಲ ಗೋಡೆಯ ಕೆಳಭಾಗಕ್ಕೆ ಕೆಂಪು ಚೆಲ್ಲುತ್ತದೆ. ಉತ್ತರದ ಕೋಣೆಗೆ ಬೂದು ಹಚ್ಚಿದರೆ ಜೂನ್‌ನಿಂದ ಆಗಸ್ಟ್ ವರೆಗಿನ ಮಂಜುಮಳೆಯಲ್ಲಿ ಕತ್ತಲೆ ಕವಿದಂತಿರುತ್ತದೆ; ಅಲ್ಲಿ ಹಳದಿ ಛಾಯೆಯ ಕೆನೆಯೇ ಸರಿ. ಕೆಂಪು ನೆಲದ, ಸಂಜೆ ಬಿಸಿಲು ಬೀಳುವ ಕೋಣೆಗೆ ಬೂದುಬಿಳಿ ಚೆನ್ನ, ಗುಲಾಬಿ ಛಾಯೆಯ ಕೆನೆ ಬೇಡವೇ ಬೇಡ.

ಇನ್ನೂ ತೀರ್ಮಾನವಾಗದಿದ್ದರೆ ಹೆಚ್ಚು ತಿಳಿಯಾದದ್ದನ್ನು ಆರಿಸಿ. ನಾಲ್ಕೂ ಗೋಡೆ ಒಂದರ ಬಣ್ಣವನ್ನು ಇನ್ನೊಂದರ ಮೇಲೆ ಬೀರುವುದರಿಂದ ಕೋಣೆಯಲ್ಲಿ ಬಣ್ಣ ರಟ್ಟಿಗಿಂತ ಗಟ್ಟಿಯಾಗಿ ಕಾಣುತ್ತದೆ.

ಹತ್ತಡಿ, ಹನ್ನೆರಡಡಿ ಕೋಣೆಗೆ ಗೋಡೆ ಹತ್ತಡಿ ಎತ್ತರವಿದ್ದರೆ, ಬಾಗಿಲು ಮತ್ತು ಎರಡು ಕಿಟಕಿ ಕಳೆದು ಸುಮಾರು 390 ಚದರಡಿ. ಎರಡು ಕೋಟ್ ಬಳಿಯಲು ಲೀಟರಿಗೆ 120 ಚದರಡಿ ಎಂದು ಹಿಡಿದರೆ ಮೂರೂಕಾಲು ಲೀಟರ್. ನಾಲ್ಕು ಲೀಟರಿನ ಒಂದೇ ಡಬ್ಬಿ ತನ್ನಿ. ಒಂದೊಂದು ಲೀಟರಿನ ಡಬ್ಬಿಗಳಾದರೆ ಎಲ್ಲವನ್ನೂ ಒಂದೇ ಬಕೆಟಿಗೆ ಸುರಿದು ಕಲಸಿ. ತಿಳಿಬಣ್ಣಕ್ಕೆ ಅಂಗಡಿಯ ಬಣ್ಣ ಬೆರೆಸುವ ಮಷೀನು ಹಾಕುವ ಬಣ್ಣದ ಸಾರ ಕೆಲವೇ ಹನಿ, ಒಂದು ಹನಿ ಹೆಚ್ಚಾದರೂ ಗೋಡೆಯ ನಡುವೆ ಗೆರೆ ಕಾಣುತ್ತದೆ. ಉಳಿದದ್ದನ್ನು ಮುಚ್ಚಿಟ್ಟು, ಶೇಡ್ ನಂಬರನ್ನು ಮುಚ್ಚಳದ ಮೇಲೆ ಬರೆದಿಡಿ.