ಮಾತ್ರೆಗೆ ಬಗ್ಗದ ತಲೆನೋವು

ಎಲ್ಲರಿಗೂ ನಮಸ್ಕಾರ.

"ಡಾಕ್ಟ್ರೇ, ಎಲ್ಲ ಮಾತ್ರೆ ನುಂಗಿದ್ದಾಯ್ತು, ಯಾವುದೂ ನಾಟುತ್ತಿಲ್ಲ." ಹೀಗೆ ಹೇಳುವವರ ಮುಖದಲ್ಲಿ ನೋವಿಗಿಂತ ಸುಸ್ತೇ ಜಾಸ್ತಿ ಕಾಣುತ್ತದೆ. ನಾನು ಮೊದಲು ಕೇಳುವುದು ಇಷ್ಟೇ: ಯಾವ ಮಾತ್ರೆ, ತಿಂಗಳಿಗೆ ಎಷ್ಟು ದಿನ?

ಈ ಲೆಕ್ಕ ಯಾಕೆ ಬೇಕು ಗೊತ್ತಾ? ನೋವಿನ ಮಾತ್ರೆಯೇ ತಲೆನೋವು ತರಬಹುದು. ಮೊದಲೇ ತಲೆನೋವಿನ ತೊಂದರೆ ಇರುವವರು ಪ್ಯಾರಸಿಟಮಾಲ್, ಐಬುಪ್ರೊಫೆನ್‌ನಂಥವನ್ನು ತಿಂಗಳಿಗೆ 15 ದಿನ, ಟ್ರಿಪ್ಟಾನ್ (ಮೈಗ್ರೇನ್ ಬಂದಾಗ ತಗೊಳ್ಳುವ ಮಾತ್ರೆ) ಅಥವಾ ಹಲವು ಔಷಧಿ ಸೇರಿಸಿದ ಮಾತ್ರೆಗಳನ್ನು 10 ದಿನ, ಹೀಗೆ ಮೂರು ತಿಂಗಳು ದಾಟಿಸಿದರೆ ಈ ಅಪಾಯ ಇದೆ. ಮಾತ್ರೆಯ ಪ್ರಭಾವ ಇಳಿದ ಕೂಡಲೇ ತಲೆ ಮತ್ತೆ ಸಿಡಿಯುತ್ತದೆ. ಮತ್ತೆ ಮಾತ್ರೆ. ಇದು ರೋಗಿಯ ತಪ್ಪಲ್ಲ. ನೋವು ತಾಳಲಾರದೆ ಮಾಡಿದ್ದು, ಅಲ್ವಾ? ಆ ಮಾತ್ರೆ ಬಿಡಿಸುವಾಗ ಮೊದಲ ಕೆಲವು ದಿನ ನೋವು ಇನ್ನೂ ಹೆಚ್ಚಬಹುದು. ಅದನ್ನು ಮುಂಚೆಯೇ ಹೇಳಿಬಿಡಬೇಕು. ಓಪಿಯಾಯ್ಡ್ ಗುಂಪಿನ (ಮಾರ್ಫಿನ್ ಜಾತಿಯ) ಔಷಧಿಗಳನ್ನು ಮಾತ್ರ ಒಮ್ಮೆಲೇ ನಿಲ್ಲಿಸಬಾರದು, ವೈದ್ಯರ ಜೊತೆ ನಿಧಾನವಾಗಿ ಇಳಿಸಬೇಕು.

ಇನ್ನು, ಮೈಗ್ರೇನ್ ನೋವು ಬರದಂತೆ ತಡೆಯುವ ಮಾತ್ರೆಗಳು ಬೇರೆ. ಪ್ರೊಪ್ರನೊಲಾಲ್, ಅಮಿಟ್ರಿಪ್ಟಿಲಿನ್, ಟೊಪಿರಮೇಟ್, ಕ್ಯಾಂಡೆಸಾರ್ಟನ್ ಇಂಥವು. ಹತ್ತು ದಿನ ತಗೊಂಡು "ಏನೂ ಆಗಲಿಲ್ಲ" ಅಂತ ಬಿಟ್ಟವರು ಎಷ್ಟೋ ಮಂದಿ. ಸರಿಯಾದ ಪ್ರಮಾಣಕ್ಕೆ ಏರಿಸಿ, ಕನಿಷ್ಠ ಎಂಟು ವಾರವಾದರೂ ನೋಡಬೇಕು. ಬಸುರಿಯಾಗುವ ಸಾಧ್ಯತೆ ಇರುವವರು ಟೊಪಿರಮೇಟ್ ಮತ್ತು ವಾಲ್ಪ್ರೊಯೇಟ್ ಎಂಬ ಇನ್ನೊಂದು ತಡೆಮಾತ್ರೆಯ ಬಗ್ಗೆ ಮೊದಲೇ ವೈದ್ಯರನ್ನು ಕೇಳಿ, ಮಗುವಿಗೆ ತೊಂದರೆಯಾಗಬಹುದು.

ಇಷ್ಟೆಲ್ಲ ಸರಿಯಾಗಿ ಮಾಡಿಯೂ ಮೈಗ್ರೇನ್ ಬಗ್ಗದಿದ್ದರೆ ಈಗ ದಾರಿಗಳಿವೆ. ತಿಂಗಳಿಗೆ 15 ದಿನ ಅಥವಾ ಹೆಚ್ಚು ತಲೆನೋವಿರುವ ದೀರ್ಘಕಾಲದ ಮೈಗ್ರೇನ್‌ಗೆ ಬೊಟಾಕ್ಸ್ ಇದೆ. ಹಣೆ, ತಲೆ, ಕುತ್ತಿಗೆಯ 31 ಜಾಗಗಳಲ್ಲಿ ಸಣ್ಣ ಚುಚ್ಚುಮದ್ದು, 12 ವಾರಕ್ಕೊಮ್ಮೆ. ನನಗೆ ಹೆಚ್ಚು ಖುಷಿ ಕೊಟ್ಟದ್ದು ಸಿಜಿಆರ್‌ಪಿ ಔಷಧಿಗಳು. ಸಿಜಿಆರ್‌ಪಿ ಅನ್ನುವುದು ಮೈಗ್ರೇನ್ ಬಂದಾಗ ನರಗಳು ಹೊರಬಿಡುವ ಒಂದು ಸಣ್ಣ ಪ್ರೋಟೀನು. ಅದರ ಕೆಲಸವನ್ನೇ ತಡೆಯುವ ಮೊದಲ ಇಂಜೆಕ್ಷನ್, ಎರೆನುಮ್ಯಾಬ್, ಅಮೆರಿಕದಲ್ಲಿ 2018ರಲ್ಲಿ ಒಪ್ಪಿಗೆ ಪಡೆಯಿತು. ತಿಂಗಳಿಗೊಂದು ಚುಚ್ಚು. ಹಳೆಯ ತಡೆಮಾತ್ರೆಗಳಲ್ಲಿ ಹೆಚ್ಚಿನವು ಬೇರೆ ಕಾಯಿಲೆಗಳಿಗೆ ಬಂದವು; ಇದು ಮೈಗ್ರೇನ್‌ಗೆಂದೇ ಹುಟ್ಟಿದ್ದು. ಎಲ್ಲರಿಗೂ ಕೆಲಸ ಮಾಡುವುದಿಲ್ಲ, ನಿಜ. ಮಲಬದ್ಧತೆ ಕಾಡಬಹುದು, ಬಿಪಿ ಏರಬಹುದು. ಹೃದಯದ ರಕ್ತನಾಳದ ಕಾಯಿಲೆ ಇದ್ದು ಟ್ರಿಪ್ಟಾನ್ ತಗೊಳ್ಳುವಂತಿಲ್ಲದವರಿಗೆ ನೋವು ಬಂದಾಗ ನುಂಗಲು ರಿಮೆಜೆಪಂಟ್‌ನಂಥ ಜೆಪಂಟ್ (ಸಿಜಿಆರ್‌ಪಿಯನ್ನೇ ತಡೆಯುವ) ಮಾತ್ರೆಗಳನ್ನು ವೈದ್ಯರು ಯೋಚಿಸಬಹುದು.

ಕೊನೆಗೆ ಒಂದು ಮಾತು ಉಳಿದಿದೆ. ಔಷಧಿ ನಾಟದಿದ್ದರೆ ಕಾಯಿಲೆಯ ಹೆಸರೇ ತಪ್ಪಿರಬಹುದು. ಕ್ಲಸ್ಟರ್ ತಲೆನೋವು ಒಂದೇ ಕಣ್ಣಿನ ಸುತ್ತ ಚೂರಿ ಇರಿದಂತೆ ಬರುತ್ತದೆ, ಆ ಕಣ್ಣಲ್ಲಿ ನೀರು ಸುರಿಯುತ್ತದೆ. ಅದಕ್ಕೆ ಮುಖವಾಡದ ಮೂಲಕ ನಿಮಿಷಕ್ಕೆ 12ರಿಂದ 15 ಲೀಟರ್ ಶುದ್ಧ ಆಕ್ಸಿಜನ್ ಕೊಟ್ಟರೆ, ಬಹಳ ಜನರಿಗೆ ಹದಿನೈದು ನಿಮಿಷದಲ್ಲೇ ನೋವು ಇಳಿಯುತ್ತದೆ. ಇನ್ನೊಂದು, ಹೆಮಿಕ್ರೇನಿಯಾ ಕಂಟಿನ್ಯುವಾ. ತಲೆಯ ಒಂದೇ ಬದಿ, ತಿಂಗಳುಗಟ್ಟಲೆ ಬಿಡದ ನೋವು. ಅದನ್ನು ಮೈಗ್ರೇನ್ ಅಂದುಕೊಂಡು ವರ್ಷಗಟ್ಟಲೆ ಔಷಧಿ ನುಂಗುವವರಿದ್ದಾರೆ. ಇಂಡೊಮೆಥಾಸಿನ್ ಎಂಬ ನೋವಿನ ಮಾತ್ರೆಯನ್ನು ಸರಿಯಾದ ಪ್ರಮಾಣದಲ್ಲಿ, ಹೊಟ್ಟೆ ಕಾಯುವ ಮಾತ್ರೆಯ ಜೊತೆ ಕೊಟ್ಟಾಗ, ಅಷ್ಟು ದಿನದ ನೋವು ಪೂರ್ತಿ ನಿಂತುಬಿಡುತ್ತದೆ.